ವಾಸಪ್ಪನ ಮಗಳ ಗದ್ದೆ

ಮೆಣಸೆಯ ಕಡೆ ಹೋಗಿ, ಸುಮಲತಾ ಎಂಥ ಹುಡುಗಿ ಎಂದು ಯಾರನ್ನಾದರೂ ಕೇಳಿ. ‘ವಾಸಪ್ಪನ ಮಗಳಾ? ಒಳ್ಳೆ ಹುಡುಗಿ ಮಾರಾಯ್ರೆ’ ಎಂದೇ ಶುರು ಮಾಡುತ್ತಾರೆ. ಆಮೇಲೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ‘ಆದ್ರೆ...’ ಎನ್ನುತ್ತಾರೆ. ಆ ‘ಆದ್ರೆ’ಯ ಮುಂದೆ ಏನಿದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕದ್ದಿದ್ದಳೇ, ಯಾರ ಜೊತೆಗಾದರೂ ಓಡಿಹೋಗಿದ್ದಳೇ ಎಂದು ಕೇಳಿದವರು ತಾವೇ ಊಹಿಸಿಕೊಳ್ಳಬೇಕು. ಅಂಥದ್ದು ಯಾವುದೂ ಇಲ್ಲ. ಅಪ್ಪನ ಗದ್ದೆಯನ್ನು ಅವಳೇ ಉತ್ತಳು, ಅವಳೇ ಬೆಳೆದಳು, ಸಾಲದ್ದಕ್ಕೆ ಈ ಕೆಲಸ ನನಗಿಷ್ಟ ಎಂದು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಿದಳು. ಅವಳ ಅಪರಾಧ ಇಷ್ಟೇ.

ವಾಸಪ್ಪನಿಗೆ ಇದ್ದದ್ದು ಮನೆಯ ಹಿಂದೆ ಒಂದಿಷ್ಟು ಅಡಿಕೆ ತೋಟ, ಎದುರಿಗೆ ಹಳ್ಳದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಎಕರೆಯಷ್ಟು ಗದ್ದೆ. ಮಗ ವಿಜಯ್ ಶಿವಮೊಗ್ಗದಲ್ಲಿ ಬೈಕ್ ಶೋರೂಮು ಸೇರಿದ್ದ. ಮಗಳು ಸುಮಲತಾ ಡಿಗ್ರಿ ಮುಗಿಸಿ, ಶೃಂಗೇರಿಯ ಪೇಟೆಯಲ್ಲಿ ಯಾತ್ರಿಕರಿಗೆ ಬಳೆ, ಕುಂಕುಮ, ಪ್ಲಾಸ್ಟಿಕ್ ದೇವರನ್ನು ಮಾರುವ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಆ ಕೆಲಸವನ್ನು ಊರು ಒಪ್ಪಿತ್ತು. ಅವಳಿಗೆ ಮಾತ್ರ ಅದು ಸುತಾರಾಂ ಹಿಡಿಸಿರಲಿಲ್ಲ. ಕೊಳ್ಳದೆ ಬರೀ ಮುಟ್ಟಿ ನೋಡಿ ಹೋಗುವವರಿಗೆಲ್ಲ ಹಲ್ಲು ಕಿರಿದು ಕಿರಿದು ಅವಳ ದವಡೆ ನೋಯುತ್ತಿತ್ತು.

ಹೀಗಿರುವಾಗ ಒಂದು ವರ್ಷ ನಾಟಿಗೆ ಗದ್ದೆ ಹದ ಮಾಡುತ್ತಿದ್ದ ವಾಸಪ್ಪ ಟಿಲ್ಲರ್ ಸಮೇತ ಅಂಚಿನಿಂದ ಕೆಳಗಿನ ಗದ್ದೆಗೆ ಬಿದ್ದು ಕಾಲು ಮುರಿದುಕೊಂಡ. ಕಾಲಿಗೆ ರಾಡ್ ಹಾಕಿಸಿಕೊಂಡು ಬಂದು ಜಗಲಿಯಲ್ಲಿ ಮಲಗಿದವನು, ‘ಈ ವರ್ಷ ಗದ್ದೆ ಹಾಳು ಬಿಡೋದೇ ಸೈ’ ಎಂದ. ವಿಜಯ್ ಫೋನಿನಲ್ಲೇ ತೀರ್ಪು ಕೊಟ್ಟ. ‘ಬಿಟ್ಟಾಕಿ ಅಪ್ಪಯ್ಯ. ಈ ಕಾಲದಲ್ಲಿ ಗದ್ದೆ ಮಾಡ್ತೀವಿ ಅಂದ್ರೆ ಜನ ನಗ್ತಾರೆ.’

ಸುಮಲತಾ ಮರುದಿನ ಬೆಳಗಿನ ಬಸ್ಸಿಗೆ ಹೋಗಲಿಲ್ಲ, ಅಷ್ಟೇ. ಅಣ್ಣನ ಹಳೆಯ ಪ್ಯಾಂಟು ಹಾಕಿಕೊಂಡು ಗದ್ದೆಗಿಳಿದು, ಕೆಸರಲ್ಲಿ ಹೂತಿದ್ದ ಟಿಲ್ಲರನ್ನು ಪಕ್ಕದ ಮನೆಯವರ ಸಹಾಯದಿಂದ ಎತ್ತಿಸಿ, ಸ್ಟಾರ್ಟ್ ಮಾಡಿದಳು. ಮೊದಲ ದಿನ ಅವಳು ಟಿಲ್ಲರ್ ಹೊಡೆಯಲಿಲ್ಲ, ಟಿಲ್ಲರೇ ಅವಳನ್ನು ಗದ್ದೆ ತುಂಬ ಎಳೆದಾಡಿತು. ಕೈ ಬೊಬ್ಬೆ ಬಂದು, ಅನ್ನ ಕಲಸಲಾಗದೆ ಚಮಚದಲ್ಲಿ ಉಂಡಳು. ಜಗಲಿಯಿಂದ ವಾಸಪ್ಪ ಕೂಗಿ ಕೂಗಿ ಹೇಳಿಕೊಟ್ಟ, ಬೈದ, ನಡುನಡುವೆ ನಕ್ಕ. ವಾರ ಕಳೆಯುವುದರೊಳಗೆ ಗದ್ದೆ ಹದಕ್ಕೆ ಬಂತು, ಅವಳೂ ಹದಕ್ಕೆ ಬಂದಳು.

ನಾಟಿಗೆ ಆಳುಗಳೆಲ್ಲಿ? ಕೂಲಿಗೆ ಬರುತ್ತಿದ್ದವರೆಲ್ಲ ಎಸ್ಟೇಟಿನ ಜೀಪು ಹತ್ತುತ್ತಿದ್ದರು. ಆಗ ಸುಮಲತಾ ಮನೆಮನೆಗೆ ಹೋಗಿ, ಎಲ್ಲರೂ ಮರೆತೇಬಿಟ್ಟಿದ್ದ ಮುಯ್ಯಾಳಿನ ಪದ್ಧತಿಯನ್ನು ಎಬ್ಬಿಸಿದಳು. ಇವತ್ತು ನೀವು ನಮ್ಮ ಗದ್ದೆಗೆ ಬನ್ನಿ, ನಾಳೆ ನಾನು ಟಿಲ್ಲರ್ ತಂದು ನಿಮ್ಮ ಗದ್ದೆ ಹೊಡೆದು ಕೊಡುತ್ತೇನೆ, ನಿಮ್ಮ ಜೊತೆ ನಾಟಿಗೂ ಬಗ್ಗುತ್ತೇನೆ ಎಂದಳು. ಮೇಲಿನ ಮನೆಯ ಪ್ರೇಮಕ್ಕ ಬಂದಳು, ಹಳ್ಳದಾಚೆಯ ಶೇಷಮ್ಮ ಬಂದಳು, ಅವರ ಹಿಂದೆ ಇನ್ನೂ ಕೆಲವರು ಬಂದರು. ಹೆಂಗಸರ ಸಾಲು, ಮಾತು, ಚೇಷ್ಟೆ, ಮಧ್ಯಾಹ್ನ ಅಂಚಿನ ಮೇಲೆ ಕೂತು ಉಣ್ಣುವ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ. ಸುಮಲತಾಗೆ ಹುಟ್ಟಿದ ಮೇಲೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಅಂಗಡಿಯಲ್ಲಿ ತನ್ನ ಆಯಸ್ಸು ಸೋರಿಹೋಗುತ್ತಿತ್ತು, ಇಲ್ಲಿ ಅದು ತನಗೇ ಸೇರುತ್ತಿದೆ ಎಂದು ಅನ್ನಿಸಿತು.

ಆ ವರ್ಷ ಕೊಯ್ಲು ಮುಗಿದು ಕಣಜ ತುಂಬಿದಾಗ, ಊರುಗೋಲು ಹಿಡಿದು ಅಂಗಳಕ್ಕೆ ಬಂದ ವಾಸಪ್ಪ ಭತ್ತವನ್ನು ಬೊಗಸೆಯಲ್ಲಿ ಎತ್ತಿ ಮೂಸಿದ. ‘ನಾನಿರೋ ತನಕ ಈ ಗದ್ದೆ ನಿನ್ನ ಕೈಲೇ ಇರ್ಲಿ ಮಗಾ’ ಎಂದ. ಕೇಳದೇ ಬಂದ ಮಾತು ಅದು. ಸುಮಲತಾ ಅದನ್ನು ನಂಬಿದಳು. ನಂಬಿದ್ದು ತಪ್ಪು ಎಂದು ಈಗ ಯಾರು ಬೇಕಾದರೂ ಹೇಳಬಹುದು.

ಮೊದಲ ವರ್ಷ ಊರು ಅವಳನ್ನು ಹೊಗಳಿತು. ಅಪ್ಪ ಬಿದ್ದಾಗ ಮಗಳು ಕೈ ಕೊಟ್ಟಳು, ಭೇಷ್ ಎಂದಿತು. ಎರಡನೆಯ ವರ್ಷವೂ ಅವಳು ಟಿಲ್ಲರ್ ಹಿಡಿದಾಗ ಹುಬ್ಬೇರಿಸಿತು. ಅಪ್ಪನ ಕಾಲು ಸುಮಾರಾಗಿದೆಯಲ್ಲ, ಇನ್ನೂ ಯಾಕೆ? ಮೂರನೆಯ ವರ್ಷ ಊರಿನ ಬಾಯಿ ಸಡಿಲವಾಯಿತು. ಪ್ಯಾಂಟಿನ ಮಾತು ಬಂತು, ಬಣ್ಣ ಕಪ್ಪಾದ ಮಾತು ಬಂತು. ನರಸಿಂಹರಾಜಪುರದ ಕಡೆಯಿಂದ ಒಬ್ಬ ಹುಡುಗ ಅವಳನ್ನು ನೋಡಲು ಬಂದ. ಅವನೇನು ಆಫೀಸರನಲ್ಲ, ಅಪ್ಪನ ಕಾಫಿ ತೋಟ ನೋಡಿಕೊಳ್ಳುವವನು. ನಾಲ್ಕು ಕಡೆ ಹೆಣ್ಣು ಕೇಳಿ, ಕೃಷಿಕನಿಗೆ ಹೆಣ್ಣು ಕೊಡುವುದಿಲ್ಲ ಎಂದು ಅನ್ನಿಸಿಕೊಂಡು ಬಂದವನು. ಸುಮಲತಾಗೆ ಅವನ ಮೇಲೆ ಸ್ವಲ್ಪ ಆಸೆಯೇ ಹುಟ್ಟಿತು. ಕಾಫಿ ಕೊಟ್ಟು ನಿಂತವಳು ಅವನು ಕೇಳುವ ಮುಂಚೆಯೇ, ‘ನಂಗೆ ಗದ್ದೆ ಕೆಲಸ ಎಲ್ಲಾ ಬರತ್ತೆ. ಇಷ್ಟವೂ ಹೌದು’ ಎಂದುಬಿಟ್ಟಳು.

ಹುಡುಗನ ಕಡೆಯವರು ಮುಖ ಮುಖ ನೋಡಿಕೊಂಡರು. ಎರಡು ದಿನ ಬಿಟ್ಟು ಫೋನು ಬಂತು. ಹುಡುಗಿ ಗಂಡುಬೀರಿ ಥರ ಕಾಣ್ತಾಳೆ ಎಂದು ಹುಡುಗನ ತಾಯಿಗೆ ಅನ್ನಿಸಿತಂತೆ. ಕೃಷಿಕನಿಗೆ ಹೆಣ್ಣಿಲ್ಲ ಎಂದು ಊರೂರು ಅಲೆದು ಅಳುವವರಿಗೆ, ಕೃಷಿ ಬೇಕು ಎನ್ನುವ ಹೆಣ್ಣು ಎದುರಿಗೇ ನಿಂತರೆ ಕಣ್ಣಿಗೆ ಕಸ ಬೀಳುತ್ತದೆ. ಇವರಿಗೆ ಬೇಕಾದದ್ದು ಎಂಥ ಸೊಸೆ ಎಂದು ಅವರ ದೇವರಿಗೂ ಗೊತ್ತಿರಲಾರದು.

ಅದೇ ಬೇಸಿಗೆಯಲ್ಲಿ ಕೃಷಿ ಕಾಲೇಜಿನ ಹುಡುಗ ಹುಡುಗಿಯರ ಗುಂಪೊಂದು ಮನೆಮನೆಗೆ ಬಂತು. ಯುವಜನರಿಗೆ ಕೃಷಿಯಲ್ಲಿ ಎಷ್ಟು ಆಸಕ್ತಿ ಇದೆ ಎಂದು ಸರ್ವೆ ಮಾಡುತ್ತಿದ್ದಾರಂತೆ. ವಾಸಪ್ಪ ಅವರಿಗೆ ಜಗಲಿಯಲ್ಲಿ ಚಾಪೆ ಹಾಸಿ, ದೊಡ್ಡ ಮನುಷ್ಯನ ಹಾಗೆ ಕೂತು ಉತ್ತರ ಕೊಟ್ಟ. ಸುಮಲತಾ ತರಕಾರಿ ಸಾಲಿಗೆ ನೀರು ಬಿಟ್ಟು, ಕಾಲೂ ತೊಳೆಯದೆ ಅವರಿಗೆ ಮಜ್ಜಿಗೆ ತಂದಿಟ್ಟಳು.

‘ನಿಮ್ಮ ಮನೆಯಲ್ಲಿ ಕೃಷಿ ಬಗ್ಗೆ ಆಸಕ್ತಿ ಇರೋ ಯುವಕರು ಯಾರಾದ್ರೂ ಇದ್ದಾರಾ?’ ಎಂದು ಕನ್ನಡಕದ ಹುಡುಗ ಕೇಳಿದ.

‘ಎಲ್ಲಿ ಮಾರಾಯ್ರೆ!’ ಎಂದ ವಾಸಪ್ಪ. ‘ಮಗ ಶಿವಮೊಗ್ಗದಲ್ಲಿದ್ದಾನೆ. ಈಗಿನ ಹುಡುಗ್ರಿಗೆ ಕೆಸರು ಅಂದ್ರೆ ಆಗಲ್ಲ.’

ಆ ಹುಡುಗ ಸುಮಲತಾಳ ಮೊಣಕಾಲಿನವರೆಗಿನ ಕೆಸರನ್ನೇ ನೋಡುತ್ತಿದ್ದ. ‘ಅಕ್ಕ ಏನು ಮಾಡ್ತಾರೆ?’

‘ಅವಳಾ? ಮನೇಲಿದ್ದಾಳೆ. ಸಂಬಂಧ ನೋಡ್ತಾ ಇದ್ದೀವಿ.’

ಹುಡುಗ ಅದನ್ನೇ ಬರೆದುಕೊಂಡ. ಸುಮಲತಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಸುಳ್ಳು ಹೇಳಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಬೈದಾದರೂ ಬೈಯುತ್ತಿದ್ದಳು. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಅವಳ ನೆನಪೇ ಬಂದಿರಲಿಲ್ಲ. ಲೋಟಗಳನ್ನು ತೊಳೆಯುವ ಕಲ್ಲಿನ ಮೇಲೆ ಬಿಸಾಕಿದಳು.

ಮುಂದಿನ ಹೊಡೆತ ಅಣ್ಣನ ಮದುವೆಯ ರೂಪದಲ್ಲಿ ಬಂತು. ಕೊಪ್ಪದ ಕಡೆ, ಮೇಗುಂದದ ಭವ್ಯ ಎಂಬ ಹುಡುಗಿ. ಅಡಿಕೆ ಬೆಳೆಯುವ ಮನೆತನ. ಈಗಿನ ಹೆಣ್ಣಿನ ಕಡೆಯವರ ಲೆಕ್ಕಾಚಾರ ನಿಮಗೆ ಗೊತ್ತೇ ಇದೆ. ಮನೆಗೆ ತೋಟ ಇರಬೇಕು, ಹುಡುಗ ಮಾತ್ರ ತೋಟದಲ್ಲಿ ಇರಬಾರದು. ವಿಜಯ್ ಶಿವಮೊಗ್ಗದಲ್ಲಿದ್ದ, ಹಾಗಾಗಿ ಅರ್ಧ ಪಾಸಾಗಿದ್ದ. ಉಳಿದರ್ಧ ನೋಡಲು ಹುಡುಗಿಯ ಸೋದರಮಾವ ಗಜಾನನ ಬಂದ. ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ನಾಟಿಗೆಂದು ಹಾಕಿದ ಅಗೆಯ ಸಸಿ ಹಸಿರಾಗುತ್ತಿದ್ದ ಗದ್ದೆಯನ್ನು ನೋಡಿ ಮೂಗು ಮುರಿದ.

‘ಎಂತ ವಾಸಪ್ಪಣ್ಣ, ಇನ್ನೂ ಗದ್ದೆ ಮಾಡ್ತಾ ಇದ್ದೀರನಾ? ನಮ್ಮ ಕಡೆ ಯಾರ ಮನೇಲೂ ಗದ್ದೆ ಅಂತ ಉಳ್ದಿಲ್ಲ. ಎಲ್ಲಾ ಅಡಿಕೆನೇ. ನೀವೂ ಹಾಕ್ಬಿಡಿ. ಗಿಡ ನಮ್ಮ ನರ್ಸರೀಲೇ ಇದೆ.’ ಆಮೇಲೆ ಸ್ವರ ತಗ್ಗಿಸಿ ಹೇಳಿದ. ‘ಇನ್ನೊಂದು ಮಾತು. ಬೇಜಾರು ಮಾಡ್ಕಬೇಡಿ. ನಿಮ್ಮ ಮಗಳು ಟಿಲ್ಲರ್ ಹೊಡೀತಾಳೆ ಅಂತ ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದೇ. ನಾಳೆ ನಮ್ಮ ಹುಡುಗೀನೂ ಗದ್ದೆಗಿಳಿಸ್ತಾರೆ ಅಂತ ಹೆಂಗಸ್ರು ಹೆದರ್ತಾರೆ.’

‘ಛೇ ಛೇ, ಎಂತಕ್ಕೆ ಇಳಿಸ್ತೀವಿ’ ಎಂದ ವಾಸಪ್ಪ.

ಒಳಗೆ ಸುಮಲತಾ ಎಲ್ಲ ಕೇಳಿಸಿಕೊಂಡಳು. ಗಜಾನನ ಹೋದ ಮೇಲೆ ಅಪ್ಪನ ಎದುರು ಬಂದು ನಿಂತು ನೇರವಾಗಿ ಕೇಳಿದಳು. ‘ಅಪ್ಪಯ್ಯ, ಗದ್ದೆ ನನ್ನ ಕೈಲೇ ಇರ್ಲಿ ಅಂದಿದ್ರಿ. ಈಗ ಎಂತ ಮಾಡ್ತೀರಿ?’

ವಾಸಪ್ಪ ಅಡಿಕೆ ಕತ್ತರಿಸುತ್ತ ತಲೆ ಎತ್ತಲಿಲ್ಲ. ‘ಈ ಸಲದ ಕೊಯ್ಲು ಆಗ್ಲಿ. ಆಮೇಲೆ ನೋಡಾಣ.’

ಸುಮಲತಾ ಆ ಮಾತಿಗೇ ಜೋತುಬಿದ್ದಳು. ಈ ಸಲ ಊರೇ ಬಾಯಿ ಮೇಲೆ ಬೆರಳಿಡುವ ಹಾಗೆ ಬೆಳೆದು ತೋರಿಸಿದರೆ ಅಪ್ಪನ ಮನಸ್ಸು ಕರಗಬಹುದು ಎಂಬ ಹುಚ್ಚು ಆಸೆ. ನಾಟಿಯ ದಿನ ಗೊತ್ತು ಮಾಡಿ ಪ್ರೇಮಕ್ಕನನ್ನು ಕರೆಯಲು ಹೋದಳು. ಪ್ರೇಮಕ್ಕನ ಗದ್ದೆಗೆ ಹಿಂದಿನ ವಾರವಷ್ಟೇ ಅವಳು ಟಿಲ್ಲರ್ ಹೊಡೆದು ಕೊಟ್ಟಿದ್ದಳು, ನಾಟಿಗೂ ಬಗ್ಗಿದ್ದಳು. ಈಗ ಅವರು ಮುಯ್ಯಿ ತೀರಿಸುವ ಸರದಿ. ಪ್ರೇಮಕ್ಕ ಬಾಗಿಲಿನ ಒಳಗೇ ನಿಂತು ಸೆರಗು ಹಿಂಡಿದಳು.

‘ಬರಲ್ಲ ಅಂತಲ್ಲ ಮಾರಾಯ್ತಿ. ನನ್ನ ಮನೇಲೂ ಒಂದು ಹುಡುಗಿ ಇದ್ದಾಳೆ. ಕಾಲೇಜು ಬಿಟ್ಟು ಬಂದು ಸುಮಕ್ಕನ ಥರ ಟಿಲ್ಲರ್ ಕಲೀತೀನಿ ಅಂತಾಳೆ. ನಾಳೆ ಅವಳ್ನ ಯಾರು ಮಾಡ್ಕತಾರೆ ಹೇಳು?’

‘ಟಿಲ್ಲರ್ ಹೊಡೆದ್ರೆ ಕೈ ಸವೆದು ಹೋಗತ್ತಾ ಪ್ರೇಮಕ್ಕ?’

‘ಕೈ ಸವೆಯಲ್ಲ, ಹೆಸರು ಸವೆಯತ್ತೆ’ ಎಂದಳು ಪ್ರೇಮಕ್ಕ. ಕಣ್ಣಲ್ಲಿ ನೀರಿತ್ತು, ಆದರೂ ಹೊಸಿಲು ದಾಟಲಿಲ್ಲ. ಶೇಷಮ್ಮ ಸೊಂಟನೋವು ಎಂದಳು. ಉಳಿದವರು ಮನೆಯಲ್ಲೇ ಇರಲಿಲ್ಲ. ಮುಯ್ಯಿ ತಪ್ಪಿಸುವುದು ಆ ಕಡೆ ಸಣ್ಣ ಮಾತಲ್ಲ. ಉಂಡ ಮನೆಯ ಜೊತೆ ಜಗಳ ಕಾಯುವಾಗಲೂ ಮುಯ್ಯಿ ತೀರಿಸಿಯೇ ಜಗಳ ಕಾಯುವ ಜನ ಅವರು. ಅಂಥವರೇ ಆ ವರ್ಷ ಮುಯ್ಯಿ ನುಂಗಿಕೊಂಡು ಕೂತರು.

ಕೊನೆಗೆ ಅಗೆಯ ಕಟ್ಟು ಹೊತ್ತು ಗದ್ದೆಗಿಳಿದವರು ಇಬ್ಬರೇ, ಸುಮಲತಾ ಮತ್ತು ಅವಳ ಅಮ್ಮ ಗಿರಿಯಮ್ಮ. ಗಿರಿಯಮ್ಮ ಮಾತು ಕಡಿಮೆಯ ಹೆಂಗಸು. ಗಂಡನಿಗೆ ಎದುರಾಡಿದ್ದನ್ನು ಯಾರೂ ಕಂಡಿಲ್ಲ. ಸಾಲು ಮುಗಿದಾಗ ಅಂಚಿಗೆ ಕೈಯೂರಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ ಮಗಳಿಗೆ ಹೇಳಿದಳು. ‘ನಾನು ಮದುವೆಯಾಗಿ ಬಂದ ವರ್ಷದಿಂದ ಇದೇ ಗದ್ದೇಲಿ ಬಗ್ಗಿದ್ದೀನಿ. ಒಬ್ರೂ ಎಂತದೂ ಹೇಳಲಿಲ್ಲ. ನೀನು ನೆಟ್ಟಗೆ ನಿಂತು ಟಿಲ್ಲರ್ ಹಿಂದೆ ನಡೆದೆ ನೋಡು, ಅದನ್ನ ತಡ್ಕಳಕ್ಕೆ ಆಗಲಿಲ್ಲ ಇವ್ರಿಗೆ.’

ಅಮ್ಮ ಅಷ್ಟು ಉದ್ದ ಮಾತಾಡಿದ್ದನ್ನು ಸುಮಲತಾ ಅದೇ ಮೊದಲು ಕೇಳಿದ್ದು. ಮುಂದಿನ ಸಾಲಿಗೆ ಇಬ್ಬರೂ ಮತ್ತೆ ಬಗ್ಗಿದರು.

ಗದ್ದೆ ಅವಳ ಕೈಬಿಡಲಿಲ್ಲ. ಇಬ್ಬರೇ ನೆಟ್ಟದ್ದಕ್ಕೆ ಸಾಲು ಅಂಕುಡೊಂಕಾಗಿದ್ದರೂ ಪೈರು ಕಪ್ಪಗೆ ಎದ್ದು ನಿಂತಿತು. ಕಾಡುಹಂದಿ ಬಾರದ ಹಾಗೆ ಹಳೆಯ ಸೀರೆಗಳನ್ನು ಬೇಲಿಗೆ ಕಟ್ಟಿದಳು, ತಗಡು ಬಡಿದಳು. ಭೂಮಿ ಹುಣ್ಣಿಮೆ ಹತ್ತಿರ ಬರುವಾಗ ಪೈರು ಹೊಡೆ ತುಂಬಿ, ಅಲ್ಲಲ್ಲಿ ತೆನೆ ಇಣುಕುತ್ತಿತ್ತು. ಮಲೆನಾಡಿನವರಿಗೆ ಆ ಹೊತ್ತಿನ ಗದ್ದೆ ಬಸುರಿ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ, ಬಗೆಬಗೆಯ ಸೊಪ್ಪು ಬೇಯಿಸಿ ಕಲಸಿದ ಹಚ್ಚಂಬಲಿ, ಕಡುಬು, ಕಜ್ಜಾಯ ಎಲ್ಲವನ್ನೂ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿಟ್ಟು, ಬೆಳಕು ಹರಿಯುವ ಮುಂಚೆ ಗದ್ದೆಗೆ ಬೀರಿ ಬರುತ್ತಾರೆ. ಅಡುಗೆ ಹೆಂಗಸರದು, ಬೀರುವುದು ಗಂಡಸರದು. ವಾಸಪ್ಪನ ಕಾಲು ಮುರಿದ ಮೇಲೆ ಅವನು ಅಂಚಿನಲ್ಲಿ ಊರುಗೋಲು ಊರಿ ನಿಂತು ಭೂಮಿತಾಯಿಯನ್ನು ಕೂಗುತ್ತಿದ್ದ, ಸುಮಲತಾ ಕೆಳಗಿಳಿದು ಬೀರುತ್ತಿದ್ದಳು. ಅಪ್ಪನ ಒಡೆದ ಸ್ವರ, ಕೈಗೆ ತಾಗುವ ಇಬ್ಬನಿ. ವರ್ಷಕ್ಕೊಮ್ಮೆ ಆ ಹೊತ್ತಿಗಾಗಿ ಅವಳು ಕಾಯುತ್ತಿದ್ದಳು.

ಈ ವರ್ಷ ಗಜಾನನ ಹಬ್ಬಕ್ಕೆ ಬಂದಿದ್ದ. ವಿಜಯ್ ರಜೆ ಹಾಕಿ ಬಂದಿದ್ದ. ‘ಗಂಡುಮಗ ಇರುವಾಗ ಅವಳ್ಯಾಕೆ?’ ಎಂದು ವಾಸಪ್ಪ ಬುಟ್ಟಿಯನ್ನು ವಿಜಯನ ತಲೆಗಿಟ್ಟ. ವಿಜಯ್ ಮೊಬೈಲಿನ ಬೆಳಕು ಹಿಡಿದು, ಪ್ಯಾಂಟು ಮಡಚಿಕೊಂಡು ಹೋದ. ಒಲೆಗೆ ಹಾಕಿದ ಸೌದೆ ಹತ್ತಿಕೊಳ್ಳುವ ಮುಂಚೆ ವಾಪಸು ಬಂದ. ಇಡೀ ರಾತ್ರಿ ಅಮ್ಮನ ಜೊತೆ ಸೊಪ್ಪು ಹೆಚ್ಚಿದ್ದ ಸುಮಲತಾ ಬುಟ್ಟಿಯನ್ನು ಇಸಿದುಕೊಂಡು ನೋಡಿದಳು. ಅರ್ಧ ಹಾಗೇ ಉಳಿದಿತ್ತು.

‘ಕೆಳಗಿನ ಗದ್ದೆಗೆ ಹೋಗಿಲ್ವನಾ ಅಣ್ಣ?’

‘ಮೇಲಿಂದನೇ ಬೀರಿದೆ. ಇಬ್ಬನಿ ಕಣೇ, ಶೂ ಎಲ್ಲಾ ಒದ್ದೆ.’

ನಡುಹಗಲು, ಎಲೆ ಹಾಕಿ ಊಟಕ್ಕೆ ಕರೆಯುವ ಹೊತ್ತಿಗೆ, ರಸ್ತೆಯಿಂದ ಗಡಗಡ ಸದ್ದು ಮಾಡುತ್ತ ಹಳದಿ ಜೆಸಿಬಿಯೊಂದು ಇಳಿದು ಬಂದು ಅಂಗಳದ ಎದುರು ನಿಂತಿತು. ಸುಮಲತಾ ಪಾಯಸದ ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದಳು. ದಾರಿ ತಪ್ಪಿ ಬಂದಿರಬೇಕು ಎಂದುಕೊಂಡಳು. ಗಜಾನನ ಜಗಲಿಯಿಂದಲೇ ಡ್ರೈವರನಿಗೆ ಗದ್ದೆ ತೋರಿಸಿ ಕೈಬೀಸಿದ. ‘ಬಂದ್ಯಾ? ಅದೇ ನೋಡು. ನಡೂಮಧ್ಯ ಬಸಿಗಾಲುವೆ ತೆಗಿ. ಇವತ್ತೇ ಶುರು ಮಾಡು.’

‘ಅಯ್ಯೋ, ಬೇಡ ಬೇಡ!’ ವಾಸಪ್ಪ ಗಾಬರಿಯಿಂದ ಊರುಗೋಲು ಎತ್ತಿಕೊಂಡು ಎದ್ದ. ಅಪ್ಪ ಕೊನೆಗೂ ಬಾಯಿಬಿಟ್ಟ ಎಂದುಕೊಂಡಳು ಸುಮಲತಾ.

‘ಇವತ್ತು ಭೂಮಿ ಹುಣ್ಣಿಮೆ ಮಾರಾಯ್ರೆ’ ಎಂದ ವಾಸಪ್ಪ. ‘ಇವತ್ತು ಭೂಮಿಗೆ ಕಬ್ಬಿಣ ತಾಗಿಸೋ ಹಾಗಿಲ್ಲ. ಗುದ್ದಲಿ, ಕತ್ತಿ ಎಲ್ಲಾ ಅಟ್ಟಕ್ಕೆ ಹಾಕಿದ್ದೀವಿ. ನಾಳೆ ಬೆಳಗ್ಗೆ ಶುರು ಮಾಡ್ಲಿ.’

‘ಅದೂ ಸರಿಯೇ’ ಎಂದ ಗಜಾನನ. ಡ್ರೈವರ್ ಮಿಷನ್ ಆಫ್ ಮಾಡಿ, ಕೈಕಾಲು ತೊಳೆದು ಊಟಕ್ಕೆ ಬಂದ.

ಸುಮಲತಾ ಪಾತ್ರೆ ಕೆಳಗಿಟ್ಟಳು. ‘ಅಪ್ಪಯ್ಯ, ಕೊಯ್ಲು ಆಗ್ಲಿ ಅಂದಿದ್ರಲ್ಲ. ಹೊಡೆ ತುಂಬಿದೆ. ಇನ್ನೆಷ್ಟು ದಿನ ಬೇಕು ಅದಕ್ಕೆ?’

‘ಮಿಷನ್ ಮತ್ತೆ ಸಿಗಲ್ಲ ಮಗಾ. ನಿಶ್ಚಿತಾರ್ಥಕ್ಕೆ ಅವರ ಕಡೆಯವರು ಬರೋ ಹೊತ್ತಿಗೆ ಅಡಿಕೆ ಗಿಡ ಕಾಣಬೇಕು. ನಿನ್ನ ಅಣ್ಣನ ಬಾಳಿನ ಪ್ರಶ್ನೆ. ಅಕ್ಕಿ ಅಂಗಡೀಲಿ ಸಿಗತ್ತೆ.’

‘ಬೆಳಗ್ಗೆ ಅದಕ್ಕೆ ಬಯಕೆ ಊಟ ಹಾಕಿದ್ರಿ.’

‘ಅದಕ್ಕೇ ಅಲ್ವನೇ ನಾಳೆ ಮಾಡ್ಲಿ ಅಂದಿದ್ದು!’ ಎಂದ ವಾಸಪ್ಪ. ಅವನು ತಮಾಷೆ ಮಾಡುತ್ತಿರಲಿಲ್ಲ. ಮಗಳು ಇಷ್ಟು ಸಣ್ಣ ವಿಷಯ ಅರ್ಥ ಮಾಡಿಕೊಳ್ಳುತ್ತಿಲ್ಲವಲ್ಲ ಎಂಬ ಬೇಸರ ಅವನ ಮುಖದಲ್ಲಿತ್ತು. ಒಂದು ದಿನ ತಡೆದು ತಾನು ಶಾಸ್ತ್ರ ಉಳಿಸಿದೆ ಎಂದೇ ಅವನು ನಂಬಿದ್ದ. ಇಂಥ ಭಕ್ತಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಮಾಡುವುದನ್ನು ಮಾಡಿಯೇ ತೀರುತ್ತಾರೆ, ದಿನ ಮಾತ್ರ ನೋಡಿ ಮಾಡುತ್ತಾರೆ.

ಡ್ರೈವರನ ಎಲೆಗೆ ಪಾಯಸ ಬಡಿಸಿದವಳು ಸುಮಲತಾಳೇ. ಸಣ್ಣ ವಯಸ್ಸಿನವನು, ಮನೆಯಿಂದ ದೂರ ಇದ್ದವನು. ‘ಹಬ್ಬದೂಟ ಸಿಕ್ತು ಅಕ್ಕ, ಪುಣ್ಯ’ ಎಂದು ಎರಡು ಸಲ ಹಾಕಿಸಿಕೊಂಡು ಉಂಡ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಆಗಲಿಲ್ಲ.

ಮರುದಿನ ಬೆಳಗ್ಗೆ ಮಿಷನ್ ಗದ್ದೆಗಿಳಿಯುವ ಮೊದಲು ತಾಯಿ ಮಗಳು ಕತ್ತಿ ಹಿಡಿದು ಕೈಗೆ ಬಂದಷ್ಟು ಹಸಿ ಪೈರು ಕೊಯ್ದು ಕೊಟ್ಟಿಗೆಯ ದನಗಳಿಗೆ ಹಾಕಿದರು. ಉಳಿದದ್ದನ್ನು ಚಕ್ರ ತುಳಿಯಿತು. ತಡೆದು ನಿಲ್ಲಿಸಿದ್ದ ನೀರು ಒಂದೇ ಉಸಿರಿಗೆ ಹಳ್ಳಕ್ಕೆ ಇಳಿದುಹೋಯಿತು. ಸದ್ದು ಕೇಳಿ ಪ್ರೇಮಕ್ಕ, ಶೇಷಮ್ಮ ಎಲ್ಲರೂ ರಸ್ತೆಗೆ ಬಂದು ನಿಂತರು. ಮುಯ್ಯಿಗೆ ಬಾರದವರು ಇದಕ್ಕೆ ಮಾತ್ರ ತಪ್ಪದೆ ಬಂದರು. ‘ಅಯ್ಯೋ, ಹೊಡೆ ತುಂಬಿತ್ತಲ್ಲೇ ಸುಮಾ’ ಎಂದು ಪ್ರೇಮಕ್ಕ ಬಾಯಿಗೆ ಸೆರಗು ಹಿಡಿದಳು. ಸುಮಲತಾ ಅವಳ ಕಡೆ ತಿರುಗಲಿಲ್ಲ. ಆ ದಿನ ಅವಳಿಗೆ ಅಪ್ಪನಿಗಿಂತ, ಅಣ್ಣನಿಗಿಂತ ಹೆಚ್ಚು ಅಸಹ್ಯವಾದದ್ದು ಆ ‘ಅಯ್ಯೋ’.

ಅಡಿಕೆ ಗಿಡಗಳು ಬಂದವು, ಸಾಲಾಗಿ ನಿಂತವು. ನಿಶ್ಚಿತಾರ್ಥಕ್ಕೆ ಬಂದ ಮೇಗುಂದದವರು ಅವನ್ನು ನೋಡಿ ತಲೆದೂಗಿದರು. ವಿಜಯನ ಮದುವೆಯಾಗಿ ಭವ್ಯ ಶಿವಮೊಗ್ಗಕ್ಕೆ ಹೋದಳು. ಅವಳು ಆ ತೋಟದಲ್ಲಿ ಕಾಲಿಟ್ಟದ್ದು ಮದುವೆಯ ಫೋಟೋ ತೆಗೆಸಿಕೊಳ್ಳುವಾಗ ಒಮ್ಮೆ. ಟಿಲ್ಲರ್ ಕೊಟ್ಟಿಗೆಯ ಹಿಂದೆ ಟಾರ್ಪಾಲು ಹೊದ್ದು ಕೂತಿತು. ಸುಮಲತಾ ಮತ್ತೆ ಬೆಳಗಿನ ಬಸ್ಸು ಹತ್ತಿ ಬಳೆ ಅಂಗಡಿಗೆ ಹೋಗತೊಡಗಿದಳು. ನೆರಳಲ್ಲಿ ನಿಂತು ನಿಂತು ಅವಳ ಬಣ್ಣ ತಿಳಿಯಾಯಿತು, ಅಂಗೈಯ ಜಡ್ಡು ಸುಲಿದು ಹೋಯಿತು. ಈಗ ಹುಡುಗಿ ಕಳೆಗಟ್ಟಿದ್ದಾಳೆ ಎಂದು ಊರು ಖುಷಿಪಟ್ಟಿತು.

ಹೀಗೆ ಕಳೆಗಟ್ಟಿದವಳನ್ನು ನೋಡಲು ಕೊಪ್ಪದ ಪೇಟೆಯಿಂದ ಒಂದು ಸಂಬಂಧ ಬಂತು. ಬಟ್ಟೆ ಅಂಗಡಿಯವರು, ಹೊಲ ತೋಟದ ಗೊಡವೆ ಇಲ್ಲದವರು. ಅವರು ಬರುವ ಮುಂಚೆ ವಾಸಪ್ಪ ಮಗಳ ಹತ್ತಿರ ಬಂದು, ಅವಳ ಮುಖ ನೋಡದೆ ಹೇಳಿದ. ‘ಹೋದ ಸಲದ ಹಾಗೆ ಎಂತದಾದ್ರೂ ಮಾತಾಡಿ ಕೆಡಿಸ್ಕಬೇಡ ಮಗಾ. ನಿಂಗೆ ಕೈ ಮುಗಿತೀನಿ.’

ಹುಡುಗನ ತಾಯಿ ಒಳ್ಳೆಯವರೇ. ಸುಮಲತಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಅಂಗೈ ಸವರಿ ನೋಡಿದರು. ‘ಹಳ್ಳಿ ಮನೆ ಅಲ್ವಾ, ಅದಕ್ಕೆ ಕೇಳ್ದೆ. ಗದ್ದೆ ಕೆಲಸ ಎಲ್ಲಾ ಮಾಡಿ ರೂಢಿ ಇದೆಯೇನಮ್ಮ?’

ವಾಸಪ್ಪ ಹೆಗಲ ಮೇಲಿನ ಬೈರಾಸನ್ನು ಎರಡೂ ಕೈಯಲ್ಲಿ ಹಿಂಡಿದ. ಬಾಗಿಲ ಸಂದಿಯಲ್ಲಿ ಗಿರಿಯಮ್ಮ ಕಣ್ಣು ಮುಚ್ಚಿಕೊಂಡಳು. ಸುಮಲತಾ ಅಂಗಳದ ಆಚೆ, ಸಾಲು ಹಿಡಿದು ನಿಂತ ಅಡಿಕೆ ಗಿಡಗಳನ್ನು ಒಂದು ಗಳಿಗೆ ನೋಡಿದಳು.

‘ಇಲ್ಲ’ ಎಂದಳು. ‘ನಮಗೆ ಗದ್ದೆನೇ ಇಲ್ಲವಲ್ಲ.’

ವಾಸಪ್ಪ ಉಸಿರು ಬಿಟ್ಟ. ಹುಡುಗನ ತಾಯಿ, ಒಳ್ಳೇದಾಯ್ತು ಬಿಡಮ್ಮ ಎಂದು ನಕ್ಕು, ಕಾಫಿ ಲೋಟ ಎತ್ತಿಕೊಂಡರು.